ಕೈ ತೂರದ ಜಾಗದಲ್ಲಿ ಒಂಬತ್ತು ನಟ್‌ಗಳು

ಶಬ್ದ ಶುರುವಾಗಿ ಎರಡು ತಿಂಗಳಾಗಿತ್ತು. ಬೆಳಿಗ್ಗೆ ಮೊದಲ ಸಲ ಎಂಜಿನ್ ಚಾಲೂ ಮಾಡಿದಾಗ, ಯಾರೋ ಬಾನೆಟ್ಟಿನ ಕೆಳಗೆ ಕುಳಿತು ಉಗುರಿನಿಂದ ಡಬ್ಬ ಬಡಿಯುತ್ತಿರುವ ಹಾಗೆ ಟಿಕ್, ಟಿಕ್, ಟಿಕ್. ಆಕ್ಸಿಲರೇಟರ್ ಒತ್ತಿದರೆ ಬಡಿತವೂ ಜೊತೆಗೆ ಓಡುತ್ತಿತ್ತು. ಏರು ಹತ್ತುವಾಗ ಇನ್ನೂ ಜೋರು. ಏಳೆಂಟು ನಿಮಿಷ ಓಡಿಸಿದರೆ ಮಾಯ. ತಾನಾಗಿ ಹೋಗುವ ಶಬ್ದಕ್ಕೆ ತಲೆ ಕೆಡಿಸಿಕೊಳ್ಳುವುದೇಕೆ, ವಾಲ್ವ್ ತಳ್ಳುವ ಟ್ಯಾಪೆಟ್ ಇರಬೇಕು ಎಂದು ಸುಮ್ಮನಿದ್ದೆ. ಬಿಸಿಯಾದ ಮೇಲೆ ಹೋಗುವುದೇ ಈ ರೋಗದ ಗುರುತು ಎಂದು ತಿಳಿಯುವ ಹೊತ್ತಿಗೆ ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ದೀಪ ಹೊತ್ತಿಕೊಂಡಿತ್ತು.

ಸ್ಕ್ಯಾನರ್ ಸಿಕ್ಕಿಸಿ ನೋಡಿದರೆ ‘ಪಿ0171’ ಎಂಬ ಸಂಕೇತ. ಮಿಶ್ರಣದಲ್ಲಿ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ ಎಂದು ಅದರ ಅರ್ಥ. ಗಾಳಿ ಒಳಬರುವ ಕಡೆಯ ಕೊಳವೆಗಳನ್ನೆಲ್ಲ ಒಂದೊಂದಾಗಿ ಹಿಸುಕಿ, ಅಲುಗಾಡಿಸಿ ಒಂದು ಭಾನುವಾರ ಹಾಳುಮಾಡಿಕೊಂಡೆ. ತೂತು ಇದ್ದದ್ದು ಹೊಗೆ ಹೊರಹೋಗುವ ಕಡೆ. ಸಿಲಿಂಡರ್‌ಗಳಿಂದ ಹೊಗೆ ನಲ್ಲಿಯ ನೀರಿನಂತೆ ಒಂದೇ ಸಮನೆ ಹರಿಯುವುದಿಲ್ಲ. ಎಕ್ಸಾಸ್ಟ್ ವಾಲ್ವ್ ತೆರೆದಾಗಲೆಲ್ಲ ಒಂದೊಂದು ಅಲೆಯಾಗಿ ನುಗ್ಗುತ್ತದೆ. ಒಂದು ಅಲೆ ದಾಟಿ ಇನ್ನೊಂದು ಬರುವುದರೊಳಗೆ ಕೊಳವೆಯ ಒತ್ತಡ ಹೊರಗಿನ ಗಾಳಿಗಿಂತ ಕೆಳಗಿಳಿಯುವ ಗಳಿಗೆಯೊಂದಿದೆ. ಆಗ ಬಿರುಕು ಹೊರಗಿನ ಗಾಳಿಯನ್ನು ಒಳಕ್ಕೆ ಹೀರುತ್ತದೆ. ಮುಂದೆ ಕುಳಿತಿರುವ ಆಕ್ಸಿಜನ್ ಸೆನ್ಸರ್‌ಗೆ ಆ ಗಾಳಿ ಎಲ್ಲಿಂದ ಬಂತೆಂದು ಗೊತ್ತಿಲ್ಲ. ಪೆಟ್ರೋಲ್ ಸಾಲುತ್ತಿಲ್ಲ ಎಂದು ಅದು ದೂರು ಕೊಡುತ್ತದೆ, ಎಂಜಿನ್ನಿನ ಕಂಪ್ಯೂಟರ್ ಅದನ್ನು ನಂಬಿ ಇನ್ನಷ್ಟು ಸುರಿಯುತ್ತದೆ. ದೀಪ ಹೊತ್ತುವ ಎಷ್ಟೋ ಮೊದಲೇ ಮೈಲೇಜ್ ಇಳಿದದ್ದು ಯಾಕೆಂದು ಆಗ ಅರ್ಥವಾಯಿತು.

ಎರಡು ಅಡಿಯ ರಬ್ಬರ್ ಕೊಳವೆಯ ಒಂದು ತುದಿಯನ್ನು ಕಿವಿಗಿಟ್ಟುಕೊಂಡು ಇನ್ನೊಂದನ್ನು ಎಂಜಿನ್ನಿನ ಹಿಂಬದಿಗೆ ಇಳಿಸಿದೆ. ಒಂದು ಜಾಗಕ್ಕೆ ಬಂದಾಗ ಟಿಕ್ ಎನ್ನುವುದು ಕಿವಿಗೇ ಹೊಡೆದಂತಾಯಿತು. ಕೈಗನ್ನಡಿ ಹಿಡಿದು ಟಾರ್ಚ್ ಬಿಟ್ಟರೆ, ಸಿಲಿಂಡರ್‌ಗಳ ಹೊಗೆಯನ್ನು ಒಟ್ಟುಗೂಡಿಸುವ ಕೊಳವೆಗಳ ಗೊಂಚಲಾದ ಮ್ಯಾನಿಫೋಲ್ಡ್, ಎಂಜಿನ್ನಿನ ಮೇಲ್ಭಾಗವಾದ ಸಿಲಿಂಡರ್ ಹೆಡ್ಡಿಗೆ ಕೂಡುವ ಅಂಚಿನಲ್ಲಿ ಬೀಸಣಿಗೆಯ ಆಕಾರದಲ್ಲಿ ಮಸಿ ಕಂಡಿತು. ಹೊಗೆ ತಾನು ತಪ್ಪಿಸಿಕೊಂಡ ದಾರಿಗೆ ತಾನೇ ರುಜು ಹಾಕಿತ್ತು. ಬಿಸಿಯಾದಾಗ ಲೋಹ ಹಿಗ್ಗಿ ಸಂದು ಮುಚ್ಚಿಕೊಳ್ಳುತ್ತದೆ, ಶಬ್ದ ನಿಲ್ಲುತ್ತದೆ. ಸಂದು ಪೂರ್ತಿ ಮುಚ್ಚುತ್ತದೆ ಎಂದಲ್ಲ, ನಮಗೆ ಕೇಳಿಸದಷ್ಟು ಮುಚ್ಚುತ್ತದೆ, ಅಷ್ಟೇ.

ಕೇಳಿಸದ ಆ ಭಾಗವೇ ಅಪಾಯದ್ದು. ನಮ್ಮ ಕಾರಿನಲ್ಲಿ ಎಂಜಿನ್ ಅಡ್ಡಲಾಗಿ ಕುಳಿತಿದೆ, ಮ್ಯಾನಿಫೋಲ್ಡ್ ಅದರ ಬೆನ್ನಿಗೆ, ಪ್ರಯಾಣಿಕರ ಕಡೆಗೆ. ಒಳಗಿನವರಿಗೆ ಗಾಳಿ ಎಳೆದುಕೊಳ್ಳುವ ಜಾಲರಿ ಇರುವುದು ಸರಿಯಾಗಿ ಅದರ ನೆತ್ತಿಯ ಮೇಲೆ, ವೈಪರ್‌ಗಳ ಬುಡದಲ್ಲಿ. ಇಂಗಾಲದ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಅದನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಇದನ್ನು ಓದಿದ ದಿನವೇ ಮಗಳನ್ನು ಆ ಕಾರಿನಲ್ಲಿ ಕೂರಿಸುವುದನ್ನು ನಿಲ್ಲಿಸಿದೆ.

ಗ್ಯಾರೇಜಿನವರು ಬಾನೆಟ್ ಎತ್ತಿ, ಬಗ್ಗಿ ನೋಡಿ, ನಿಟ್ಟುಸಿರು ಬಿಟ್ಟರು. ಎಂಜಿನ್ ಇಳಿಸಬೇಕಾಗಬಹುದು, ಮ್ಯಾನಿಫೋಲ್ಡನ್ನು ಹಿಡಿದಿಡುವ ತಲೆಯಿಲ್ಲದ ಬೋಲ್ಟ್‌ಗಳು, ಅಂದರೆ ಸ್ಟಡ್‌ಗಳು ಮುರಿದರೆ ಹೆಡ್ ಬಿಚ್ಚಬೇಕಾಗಬಹುದು, ಎಷ್ಟು ದಿನವೆಂದು ಹೇಳಲಾಗದು ಎಂದರು. ಅವರು ಹೆದರಿಸುತ್ತಿದ್ದಾರೆ ಎಂದು ಅಂದು ಅನಿಸಿತ್ತು. ಅವರ ಮಾತಿನ ಒಂದೊಂದು ಅಕ್ಷರವೂ ಪ್ರಾಮಾಣಿಕವಾದದ್ದು ಎಂದು ಈಗ ಒಪ್ಪುತ್ತೇನೆ. ಹೊಸ ಮ್ಯಾನಿಫೋಲ್ಡ್, ಸಂದು ಮುಚ್ಚಲು ನಡುವೆ ಇಡುವ ಗ್ಯಾಸ್ಕೆಟ್, ಒಂಬತ್ತು ಸ್ಟಡ್, ಒಂಬತ್ತು ನಟ್ ತಂದು ಮನೆಯಲ್ಲೇ ಕೂರಿಸುತ್ತೇನೆ ಎಂದು ಹೊರಟದ್ದರಲ್ಲಿ ಧೈರ್ಯಕ್ಕಿಂತ ಹಟ ಹೆಚ್ಚಿತ್ತು.

ಈ ಕೆಲಸವನ್ನು ತೋರಿಸುವ ವಿಡಿಯೊಗಳಲ್ಲಿ ಸಾಮಾನ್ಯವಾಗಿ ಎಂಜಿನ್ ಸ್ಟ್ಯಾಂಡಿನ ಮೇಲೆ ಮದುವಣಗಿತ್ತಿಯಂತೆ ಕುಳಿತಿರುತ್ತದೆ. ನಟ್ ಸಡಿಲಿಸಿ, ಹಳೆಯದನ್ನು ಎತ್ತಿ, ಹೊಸದನ್ನು ಇಡಿ ಎನ್ನುತ್ತಾರೆ. ನನ್ನ ಕಾರಿನಲ್ಲಿ ಮ್ಯಾನಿಫೋಲ್ಡಿಗೂ ಹಿಂಗೋಡೆಗೂ ನಡುವೆ ಇದ್ದದ್ದು ನಾಲ್ಕು ಬೆರಳಿನ ಸಂದು. ಮೇಲೆ ವೈಪರಿನ ಸರಳುಗಳು, ಕೆಳಗೆ ಸ್ಟಿಯರಿಂಗ್ ರ್‍ಯಾಕ್, ಡ್ರೈವ್ ಶಾಫ್ಟ್, ಎಂಜಿನ್ನನ್ನು ಹೊರುವ ಅಡ್ಡ ಚೌಕಟ್ಟು. ಒಂಬತ್ತು ನಟ್‌ಗಳಲ್ಲಿ ಮೇಲಿನ ಸಾಲಿನ ಐದು ಮೇಲಿನಿಂದ ಎಟುಕಬಹುದು ಎಂದು ಲೆಕ್ಕ ಹಾಕಿದೆ. ಕೆಳಗಿನ ಮೂರು ಚಕ್ರದ ಗೂಡಿನ ಕಡೆಯಿಂದ. ಒಂಬತ್ತನೆಯದು ಗೇರ್‌ಬಾಕ್ಸಿನ ಕಡೆಯ ಕೆಳಮೂಲೆಯಲ್ಲಿ, ಗೇರ್‌ಬಾಕ್ಸಿನ ಭುಜದ ಹಿಂದೆ ಅಡಗಿತ್ತು. ಅದು ಯಾವ ಕಡೆಯಿಂದಲೂ ಕಣ್ಣಿಗೆ ಬೀಳುತ್ತಿರಲಿಲ್ಲ. ಇದೆ ಎಂದು ಬೆರಳ ತುದಿಗೆ ಮಾತ್ರ ಗೊತ್ತಿತ್ತು.

ಮೊದಲ ಮೂರು ಸಂಜೆ ಎಣ್ಣೆ ಬಿಡುವುದಷ್ಟೇ ಕೆಲಸ. ತುಕ್ಕು ಬಿಡಿಸುವ ಎಣ್ಣೆಯ ಡಬ್ಬಕ್ಕೆ ಉದ್ದ ನಳಿಕೆ ಸಿಕ್ಕಿಸಿ, ಎಂಜಿನ್ ಉಗುರುಬೆಚ್ಚಗಿರುವಾಗ ಪ್ರತಿ ಸ್ಟಡ್ಡಿನ ಬುಡಕ್ಕೂ ನಟ್ಟಿನ ಮೂತಿಗೂ ಹನಿ ಹನಿಯಾಗಿ ಬಿಟ್ಟೆ. ಕೈ ಇಡಲಾಗದಷ್ಟು ಬಿಸಿಯಿದ್ದಾಗ ಬಿಟ್ಟರೆ ಎಣ್ಣೆ ಹೊಗೆಯಾಗಿ ಹೋಗುತ್ತದೆ, ಬೆಂಕಿ ಹೊತ್ತುವುದೂ ಉಂಟು. ಪೂರ್ತಿ ತಣ್ಣಗಿದ್ದರೆ ಎಣ್ಣೆ ಥ್ರೆಡ್ಡಿನೊಳಗೆ ಅಷ್ಟು ಬೇಗ ಇಳಿಯುವುದಿಲ್ಲ. ಎರಡನೆಯ ಸಂಜೆ ಪ್ರತಿ ನಟ್ಟಿನ ಮೇಲೂ ಉದ್ದ ಸರಳಿಟ್ಟು ಸುತ್ತಿಗೆಯಿಂದ ನಾಲ್ಕು ಏಟು ತಟ್ಟಿದೆ. ತುಕ್ಕಿಗೆ ಬಲಪ್ರಯೋಗಕ್ಕಿಂತ ಈ ಕಿರುಕುಳವೇ ಹೆಚ್ಚು ನಾಟುತ್ತದೆ.

ಶನಿವಾರ ಬೆಳಿಗ್ಗೆ ಬ್ಯಾಟರಿಯ ನೆಗೆಟಿವ್ ತಂತಿ ತೆಗೆದು, ಹಿಂದಿನ ಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟು, ಮುಂಭಾಗವನ್ನು ಎತ್ತಿ ಎರಡು ಜಾಕ್ ಸ್ಟ್ಯಾಂಡ್‌ಗಳ ಮೇಲೆ ಇಳಿಸಿದೆ. ಬರೀ ಜಾಕನ್ನು ನಂಬಿ ಕಾರಿನ ಕೆಳಗೆ ತಲೆಯಿಡುವವರ ಜೊತೆ ನನಗೆ ವಾದವೇ ಇಲ್ಲ. ಸ್ಟ್ಯಾಂಡಿನ ಮೇಲೆ ಕೂತ ಕಾರನ್ನೂ ಎರಡು ಕೈಯಿಂದ ತಳ್ಳಿ ನೋಡಿ ಆಮೇಲೆ ಒಳಗೆ ಹೋದೆ. ಕನ್ನಡಕ ಮಾತ್ರ ಮರೆತಿದ್ದೆ. ಅಂಗಾತ ಮಲಗಿ ಮೊದಲ ಬೋಲ್ಟಿಗೆ ಕೈ ಹಾಕುತ್ತಿದ್ದಂತೆ ತುಕ್ಕಿನ ಚೂರು ನೇರ ಕಣ್ಣಿಗೇ ಬಿತ್ತು. ಅರ್ಧ ಗಂಟೆ ಕಣ್ಣಿಗೆ ನೀರು ಚಿಮುಕಿಸುತ್ತ ಕುಳಿತದ್ದೇ ಅಂದಿನ ಶುಭಾರಂಭ.

ವೈಪರ್ ಕಡ್ಡಿಗಳು, ಅವುಗಳ ಕೆಳಗಿನ ಪ್ಲಾಸ್ಟಿಕ್ ಮುಚ್ಚಳ, ವೈಪರ್ ಮೋಟಾರು, ಅದರ ಸರಳುಗಳು, ಎಲ್ಲವನ್ನೂ ಬಿಚ್ಚಿದೆ. ಇವೆಲ್ಲ ಮ್ಯಾನಿಫೋಲ್ಡಿಗೆ ಸಂಬಂಧವೇ ಇಲ್ಲದವು, ಸುಮ್ಮನೆ ದಾರಿಗೆ ಅಡ್ಡ ಕುಳಿತವು. ಶಾಖ ತಡೆಯುವ ತಗಡಿನ ಹತ್ತು ಮಿಲಿಮೀಟರ್ ಬೋಲ್ಟ್‌ಗಳಲ್ಲಿ ಎರಡು ಮರ್ಯಾದೆಯಿಂದ ಬಂದವು. ಮೂರನೆಯದರ ಮೂಲೆಗಳು ಸವೆದು ಗುಂಡಗಾಗಿ ಸಾಕೆಟ್ ಜಾರತೊಡಗಿತು. ಬೋಲ್ಟನ್ನು ಬಿಟ್ಟು ಅದರ ಸುತ್ತಲಿನ ತಗಡನ್ನೇ ಕತ್ತರಿಸಿದೆ. ಹಳೆಯ ತಗಡು ಹೇಗೂ ಜರಡಿಯಾಗಿತ್ತು.

ಆಕ್ಸಿಜನ್ ಸೆನ್ಸರ್‌ಗೆ ತಂತಿ ತೂರಲು ಪಕ್ಕದಲ್ಲಿ ಸೀಳಿರುವ 22 ಮಿಲಿಮೀಟರ್ ಸಾಕೆಟ್ ಬೇಕು. ಅದು ಕಿರ್ರೆಂದು ಅಳುತ್ತ ಬಂತು. ಮ್ಯಾನಿಫೋಲ್ಡಿನಿಂದ ಹೊಗೆಯನ್ನು ಸೈಲೆನ್ಸರಿನ ಕಡೆಗೆ ಒಯ್ಯುವ ಕೆಳಗಿನ ಕೊಳವೆಯ ಎರಡು ಸ್ಪ್ರಿಂಗ್ ಬೋಲ್ಟ್‌ಗಳು ತುಕ್ಕು ತಿಂದು ಸೂಜಿಯಂತಾಗಿದ್ದವು. ಹೊಸವು ಕೈಯಲ್ಲೇ ಇದ್ದುದರಿಂದ ಗ್ರೈಂಡರ್ ಹಿಡಿದು ಕತ್ತರಿಸಿ ಎಸೆದೆ. ಕತ್ತರಿಸುವ ಮೊದಲು ಆ ಜಾಗವನ್ನು ಬ್ರೇಕ್ ಕ್ಲೀನರ್‌ನಿಂದ ತೊಳೆಯಬೇಕೆಂದು ಡಬ್ಬ ಕೈಗೆತ್ತಿಕೊಂಡವನು ಅದರ ಮೇಲಿನ ಬರಹ ಓದಿ ಕೆಳಗಿಟ್ಟೆ. ಕ್ಲೋರಿನ್ ಇರುವ ದ್ರಾವಕಗಳು ಹೆಚ್ಚು ಬಿಸಿಗೆ ಸಿಕ್ಕರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ. ಮೊದಲ ಮಹಾಯುದ್ಧದಲ್ಲಿ ಸೈನಿಕರ ಮೇಲೆ ಬಿಟ್ಟದ್ದು ಅದನ್ನೇ.

ಇಷ್ಟಾದರೂ ನಾಲ್ಕು ಬೆರಳಿನ ಸಂದು ನಾಲ್ಕೇ ಬೆರಳಿನದಾಗಿತ್ತು. ಕೈ ಹೋಗುತ್ತದೆ, ಸ್ಪ್ಯಾನರ್ ಹಿಡಿದ ಕೈ ಹೋಗುವುದಿಲ್ಲ. ಅಡ್ಡ ಎಂಜಿನ್‌ಗಳಿಗೆ ಇರುವ ಹಳೆಯ ಉಪಾಯ ಆಗ ಕೈಹಿಡಿಯಿತು. ಎಂಜಿನ್ ಹಿಂದೆ ಮುಂದೆ ತೂಗದಂತೆ ಅದರ ತಲೆಯನ್ನು ಹಿಡಿದಿರುವ ಮೇಲಿನ ಮೌಂಟನ್ನು ಬಿಚ್ಚಿದೆ. ಲಾರಿಯ ಸರಕು ಕಟ್ಟುವ ಪಟ್ಟಿಯನ್ನು ಎಂಜಿನ್ನಿನ ಎತ್ತುವ ಕೊಕ್ಕೆಗೂ ಮುಂದಿನ ಎಳೆಯುವ ಕೊಕ್ಕೆಗೂ ಬಿಗಿದು, ಕಟಕ್ ಕಟಕ್ ಎಂದು ಒಂದೊಂದೇ ಹಲ್ಲು ಎಳೆದೆ. ಎಂಜಿನ್ ಉಳಿದ ಮೌಂಟ್‌ಗಳ ರಬ್ಬರಿನ ಮೇಲೆ ಮುಂದಕ್ಕೆ ವಾಲಿತು. ಪ್ರತಿ ಹಲ್ಲಿಗೂ ನಿಂತು ರೇಡಿಯೇಟರ್ ಫ್ಯಾನ್, ನೀರಿನ ಕೊಳವೆಗಳು, ತಂತಿಗಳು ಎಲ್ಲಿಯಾದರೂ ಎಳೆದುಕೊಳ್ಳುತ್ತಿವೆಯೇ ಎಂದು ನೋಡಿದೆ. ಕೆಳಗಿನ ಕೊಳವೆಯನ್ನು ಮೊದಲೇ ಬಿಡಿಸಿರದಿದ್ದರೆ ಅದರ ಜಾಲರಿ ಭಾಗ ಹರಿಯುತ್ತಿತ್ತು. ನಾಲ್ಕು ಬೆರಳು ಆರು ಬೆರಳಾಯಿತು. ಆ ಎರಡು ಬೆರಳಿನ ಅಗಲಕ್ಕೆ ನಾನು ಕೊಟ್ಟದ್ದು ಶನಿವಾರದ ಅರ್ಧ ದಿನ. ನನ್ನನ್ನು ಕೇಳಿದರೆ ಇಡೀ ಕೆಲಸದಲ್ಲಿ ಬುದ್ಧಿಯಿಂದ ಮಾಡಿದ್ದು ಇದೊಂದೇ.

ಮೇಲಿನ ಐದು ನಟ್‌ಗಳು ನಾನು ಹೆದರಿದಷ್ಟು ಕಾಡಲಿಲ್ಲ. ಹನ್ನೆರಡು ಮೂಲೆಯ ಸಾಕೆಟ್ ಬಿಟ್ಟು ಆರು ಮೂಲೆಯದನ್ನೇ ಹಿಡಿದೆ. ಅದು ನಟ್ಟಿನ ಮೈಯನ್ನು ಹಿಡಿಯುತ್ತದೆ, ಮೂಲೆಗಳನ್ನಲ್ಲ. ಸಾಕೆಟ್ಟನ್ನು ಸುತ್ತಿಗೆಯಿಂದ ತಟ್ಟಿ ಕೂರಿಸಿ, ಮೊದಲು ಕೂದಲೆಳೆಯಷ್ಟು ಬಿಗಿಮಾಡಿ ಆಮೇಲೆ ಸಡಿಲಿಸಿದೆ. ತುಕ್ಕಿನ ಹಿಡಿತ ಒಮ್ಮೆ ಬಿರಿದರೆ ಮುಕ್ಕಾಲು ಕೆಲಸ ಮುಗಿದಂತೆ. ಕಾಲು ಸುತ್ತು ಹಿಂದೆ, ಅರೆಪಾಲು ಮುಂದೆ, ಒಂದು ಹನಿ ಎಣ್ಣೆ, ಮತ್ತೆ ಕಾಲು ಸುತ್ತು. ನಟ್ ಬಿಡುವಾಗ ಕೈಗೆ ಗರಗರ ಎನ್ನುವ ಒಣ ಒರಟುತನ ಬರುತ್ತದೆ. ಅದರ ಬದಲು ಮೆತ್ತಗೆ, ರಬ್ಬರ್ ಹಿಂಡಿದಂತೆ ಅನಿಸಿದರೆ ನಟ್ ತಿರುಗುತ್ತಿಲ್ಲ, ಸ್ಟಡ್ಡೇ ಹುರಿಗೊಳ್ಳುತ್ತಿದೆ ಎಂದರ್ಥ. ಆಗ ಕೈ ತೆಗೆಯಬೇಕು. ಒಂದೆರಡು ನಟ್‌ಗಳು ಸ್ಟಡ್ಡನ್ನೂ ಜೊತೆಗೆ ಕಿತ್ತುಕೊಂಡು ಬಂದವು. ಹೊಸ ಸ್ಟಡ್ ಹಾಕುವವನಿಗೆ ಅದು ವರವೇ.

ಕೆಳಗಿನ ಮೂರಕ್ಕೆ ಚಕ್ರದ ಗೂಡಿನಿಂದ ಎರಡು ಅಡಿ ಉದ್ದದ ಎಕ್ಸ್‌ಟೆನ್ಷನ್, ಅದರ ತುದಿಗೆ ಎತ್ತ ಬೇಕಾದರೂ ಬಾಗುವ ಯುನಿವರ್ಸಲ್ ಜಾಯಿಂಟ್, ಅದರ ಮೂತಿಗೆ ಸಾಕೆಟ್. ಕತ್ತಲ ಸಂದಿನಲ್ಲಿ ಆ ಜಾಯಿಂಟ್ ಮುರಿದ ಕೊಂಬೆಯಂತೆ ಜೋತು ಬೀಳುತ್ತದೆ, ಸಾಕೆಟ್ ನಟ್ಟಿನ ಹತ್ತಿರ ಹೋಗಿ ಎತ್ತಲೋ ಮುಖ ತಿರುಗಿಸುತ್ತದೆ. ಜಾಯಿಂಟಿನ ಸುತ್ತ ಇನ್ಸುಲೇಷನ್ ಟೇಪ್ ಎರಡು ಸುತ್ತು ಸುತ್ತಿದರೆ ಜೋತು ಬೀಳುವುದು ನಿಲ್ಲುತ್ತದೆ, ಬಾಗುವುದು ನಿಲ್ಲುವುದಿಲ್ಲ. ಇದನ್ನು ಕಂಡುಕೊಳ್ಳುವ ಮೊದಲು ಸಾಕೆಟ್ಟನ್ನು ಹನ್ನೆರಡು ಸಲವಾದರೂ ಕೆಳಗಿನ ಚೌಕಟ್ಟಿನ ಹೊಟ್ಟೆಯೊಳಗೆ ಬೀಳಿಸಿ ಆಯಸ್ಕಾಂತದ ಕಡ್ಡಿಯಿಂದ ಹುಡುಕಿದ್ದೇನೆ.

ಉಳಿದದ್ದು ಒಂಬತ್ತನೆಯದು.

ಅಷ್ಟು ಹೊತ್ತಿಗೆ ಸಂಜೆಯಾಗಿತ್ತು. ಮಗಳು ಕನ್ನಡಿ ಹಿಡಿಯುವ ಕೆಲಸಕ್ಕೆ ಬಂದಳು. ಹದಿನಾಲ್ಕರ ಹುಡುಗಿಯ ಮಣಿಕಟ್ಟು ನನ್ನದರ ಅರ್ಧ. ಗೇರ್‌ಬಾಕ್ಸಿನ ಭುಜದ ಹಿಂದೆ ಕೈ ತೂರಿಸಿ, “ಅಪ್ಪಾ, ಸಿಕ್ಕಿತು, ಮೇಲ್ಮುಖದಲ್ಲಿ ಒಂದು ಮೂಲೆ ಸವೆದಿದೆ” ಎಂದು ಬೆರಳಿನಿಂದಲೇ ವರದಿ ಕೊಟ್ಟಳು. ರಿಂಗ್ ಸ್ಪ್ಯಾನರನ್ನು ನಟ್ಟಿಗೆ ಕೂರಿಸಿದವಳೂ ಅವಳೇ. ಅವಳು ಕನ್ನಡಿಯನ್ನು ಓರೆಯಾಗಿ ಹಿಡಿದಳು, ನಾನು ಕಾರಿನ ಕೆಳಗೆ ಮಲಗಿ ಸ್ಪ್ಯಾನರಿನ ಬಾಲ ಹಿಡಿದೆ. ಕನ್ನಡಿಯಲ್ಲಿ ನೋಡುತ್ತ, ಸಡಿಲಿಸುವ ದಿಕ್ಕಿಗೆ ಎಳೆದೆ. ಜಪ್ಪಯ್ಯ ಎಂದರೂ ಅಲುಗಲಿಲ್ಲ. ಇನ್ನೊಂದು ಸ್ಪ್ಯಾನರ್ ಕೊಕ್ಕೆಹಾಕಿ ಹಿಡಿಕೆಯನ್ನು ಉದ್ದ ಮಾಡಿಕೊಂಡು ಮತ್ತೆ ಎಳೆದೆ. ತಿರುಗಿತು. ಮೆತ್ತಗೆ ತಿರುಗಿತು. ಮೆತ್ತಗೆ ಎಂದು ಮನಸ್ಸು ಹೇಳುವಷ್ಟರಲ್ಲಿ ಫಟ್ಟೆಂದು ಸದ್ದಾಗಿ, ಸ್ಪ್ಯಾನರ್ ನನ್ನ ಗಲ್ಲಕ್ಕೆ ಬಡಿಯಿತು.

“ಅಪ್ಪಾ, ಕನ್ನಡಿಯಲ್ಲಿ ಎಡ ಬಲ ಅದಲುಬದಲು ಕಾಣುತ್ತದೆ ಅಲ್ಲವೇ?” ಎಂದಳು ಮಗಳು, ಸ್ವಲ್ಪ ಹೊತ್ತಿನ ಮೇಲೆ, ಬಹಳ ಮೃದುವಾಗಿ.

ಕನ್ನಡಿಯಲ್ಲಿ ಸಡಿಲಿಸುವಂತೆ ಕಂಡದ್ದನ್ನು ನಾನು ಬಿಗಿಮಾಡಿದ್ದೆ. ಆದರೆ ತಪ್ಪಿನಲ್ಲಿ ನನ್ನ ಪಾಲು ಅರ್ಧ ಮಾತ್ರ, ಉಳಿದರ್ಧ ಭೌತಶಾಸ್ತ್ರದ್ದು ಎಂದು ಈಗಲೂ ವಾದಿಸುತ್ತೇನೆ. ಮ್ಯಾನಿಫೋಲ್ಡ್ ಬೀಡು ಕಬ್ಬಿಣದ್ದು, ಸುಮಾರು 400 ಮಿಲಿಮೀಟರ್ ಉದ್ದ. ಅದರ ಉಷ್ಣತೆ 500 ಡಿಗ್ರಿ ಏರಿದರೆ ಎರಡು ಮಿಲಿಮೀಟರಿಗೂ ಕೊಂಚ ಹೆಚ್ಚು ಹಿಗ್ಗುತ್ತದೆ. ಅದು ಕೂಡುವ ಹೆಡ್ ಅಲ್ಯೂಮಿನಿಯಂನದು. ಡಿಗ್ರಿಗೆ ಡಿಗ್ರಿ ಹೋಲಿಸಿದರೆ ಅಲ್ಯೂಮಿನಿಯಂ ಎರಡು ಪಟ್ಟು ಹಿಗ್ಗುವ ಲೋಹವಾದರೂ, ಒಳಗೆ ನೀರು ಹರಿಯುವುದರಿಂದ ಅದು ಎಂಬತ್ತು ಡಿಗ್ರಿಯಷ್ಟೇ ಏರಿ ಮುಕ್ಕಾಲು ಮಿಲಿಮೀಟರ್ ಹಿಗ್ಗುತ್ತದೆ. ಉಳಿದ ಒಂದೂವರೆ ಮಿಲಿಮೀಟರಿನ ಜಗಳವನ್ನು ಸ್ಟಡ್‌ಗಳು ತಾಳಬೇಕು. ನಡುವಿನವಕ್ಕೆ ಅದು ತಟ್ಟುವುದೇ ಇಲ್ಲ, ಎರಡು ತುದಿಯವಕ್ಕೆ ಪೂರ್ತಿ ಪೆಟ್ಟು. ಕಾರು ಓಡಿಸಿದ ಪ್ರತಿದಿನವೂ ಅತ್ತ ಒಮ್ಮೆ, ಇತ್ತ ಒಮ್ಮೆ ಬಾಗಿ ಬಾಗಿ ದಣಿದಿದ್ದ ಸ್ಟಡ್ ಅದು. ಮುರಿಯುವುದೇ ಇದ್ದರೆ ಮೂಲೆಯದೇ ಮೊದಲು ಮುರಿಯುತ್ತದೆ. ನಾನು ಅದರ ಆಯುಷ್ಯವನ್ನು ಕನ್ನಡಿ ಹಿಡಿದು ಮುಗಿಸಿದೆ, ಅಷ್ಟೇ.

ಹಳೆಯ ಮ್ಯಾನಿಫೋಲ್ಡನ್ನು ಪಕ್ಕಕ್ಕೆ ಮಲಗಿಸಿ, ತಿರುಗಿಸಿ, ಮತ್ತೆ ತಿರುಗಿಸಿ, ಕೊನೆಗೆ ಮೇಲಿನಿಂದಲೇ ಎತ್ತಿದೆ. ಬೆಳಕಿಗೆ ಹಿಡಿದಾಗ ಎರಡನೆಯ ಮತ್ತು ಮೂರನೆಯ ಕೊಳವೆಗಳು ಕೂಡುವ ಕಂಕುಳಿನಲ್ಲಿ ಕೂದಲಿನಂಥ ಕಪ್ಪು ಗೆರೆ ಕಂಡಿತು. ಗೇರ್‌ಬಾಕ್ಸ್ ಕಡೆಯ ಗ್ಯಾಸ್ಕೆಟ್ ಸುಟ್ಟು ಹಪ್ಪಳವಾಗಿತ್ತು. ಕಳ್ಳರು ಇಬ್ಬರು. ನಾನು ಕಿವಿಗೊಟ್ಟು ಹಿಡಿದದ್ದು ಒಬ್ಬನನ್ನು ಮಾತ್ರ.

ಮುರಿದ ಸ್ಟಡ್ ಹೆಡ್ಡಿನಿಂದ ಮೂರು ಮಿಲಿಮೀಟರ್ ಹೊರಗೆ ಚಾಚಿತ್ತು. ಎರಡು ನಟ್‌ಗಳನ್ನು ಒಂದಕ್ಕೊಂದು ಬಿಗಿದು ಸ್ಟಡ್ ತಿರುಗಿಸುವ ಉಪಾಯಕ್ಕೆ ಅಷ್ಟು ಸಾಲದು. ಕಚ್ಚುವ ಇಕ್ಕಳ ಹಾಕಿದರೆ ಅದರ ಅಂಚನ್ನು ಬೋಳಿಸಿ ಬಿಟ್ಟಿತು. ಮೇಲೊಂದು ನಟ್ ಇಟ್ಟು ವೆಲ್ಡಿಂಗ್ ಮಾಡಿದರೆ ಆ ಬಿಸಿಗೇ ಸ್ಟಡ್ ಸಡಿಲವಾಗುತ್ತದೆ ಎನ್ನುವುದು ನಿಜ, ಬಹಳ ಒಳ್ಳೆಯ ವಿಧಾನವೂ ಹೌದು. ಆದರೆ ನನ್ನಲ್ಲಿ ವೆಲ್ಡಿಂಗ್ ಯಂತ್ರವಿರಲಿಲ್ಲ, ಇದ್ದರೂ ಪೆಟ್ರೋಲ್ ಕೊಳವೆಯ ಪಕ್ಕದಲ್ಲಿ, ಕಣ್ಣಿಗೆ ಕಾಣದ ಜಾಗದಲ್ಲಿ ಅದನ್ನು ಆಡಿಸುವ ಎದೆಗಾರಿಕೆ ಇರಲಿಲ್ಲ. ಉಳಿದದ್ದು ಡ್ರಿಲ್.

ಡ್ರಿಲ್ ಎಂದರೆ ಭಯ. ಸ್ಟಡ್ ಉಕ್ಕಿನದು, ಸುತ್ತ ಮೆದು ಅಲ್ಯೂಮಿನಿಯಂ. ಬೈರಿಗೆ ಎಳ್ಳಷ್ಟು ಜಾರಿದರೆ ಉಕ್ಕನ್ನು ಬಿಟ್ಟು ಅಲ್ಯೂಮಿನಿಯಂಗೆ ನುಗ್ಗುತ್ತದೆ. ಅಲ್ಲಿಗೆ ಹೆಡ್ ಬಿಚ್ಚಲೇಬೇಕು. ನೇರವಾಗಿ ಕೊರೆಯಬೇಕು, ಆದರೆ ನೋಡಿಕೊಂಡು ಕೊರೆಯಲು ಜಾಗವಿಲ್ಲ. ರಾತ್ರಿಯೆಲ್ಲ ಇದನ್ನೇ ಯೋಚಿಸುತ್ತ, ಮೂಲೆಯಲ್ಲಿ ಬಿದ್ದಿದ್ದ ಹಳೆಯ ಮ್ಯಾನಿಫೋಲ್ಡನ್ನೇ ನೋಡುತ್ತ ಕುಳಿತಿದ್ದೆ. ಆಗ ಹೊಳೆಯಿತು. ಒಂಬತ್ತನೆಯ ಸ್ಟಡ್ಡಿನ ನಡು ಎಲ್ಲಿದೆ ಎಂದು ಕಣ್ಣಿಗೆ ಗೊತ್ತಿಲ್ಲದಿದ್ದರೂ ಆ ಮ್ಯಾನಿಫೋಲ್ಡಿಗೆ ಗೊತ್ತಿದೆ.

ಗ್ರೈಂಡರಿನಿಂದ ಅದರ ಅಂಚುಪಟ್ಟಿಯ ಗೇರ್‌ಬಾಕ್ಸ್ ಕಡೆಯ ತುಂಡನ್ನು, ಮೂರು ತೂತುಗಳು ಬರುವಂತೆ, ಕತ್ತರಿಸಿಕೊಂಡೆ. ಎರಡು ತೂತುಗಳು ಹೆಡ್ಡಿನಲ್ಲಿ ಗಟ್ಟಿಯಾಗಿ ಉಳಿದಿದ್ದ ಎರಡು ಸ್ಟಡ್‌ಗಳಿಗೆ, ಮೂರನೆಯದು ಮುರಿದದ್ದರ ನೆತ್ತಿಗೆ. ತುದಿಯ ತೂತು ಉಳಿದವಕ್ಕಿಂತ ತುಸು ದೊಡ್ಡದಿತ್ತು. ಹಿಗ್ಗುವ ಲೋಹಕ್ಕೆ ಜಾಗ ಇರಲೆಂದು ಬೇಕೆಂದೇ ಹಾಗೆ ಮಾಡಿರುತ್ತಾರೆ. ಆ ತುಂಡನ್ನು ಹಿಡಿದು ಲೇತ್ ಮೇಸ್ತ್ರಿಯ ಬಳಿ ಹೋದೆ. ಹೊರಗೆ ತೂತಿಗೆ ಸರಿಯಾಗಿ ಕೂರುವ, ಒಳಗೆ ನಾಲ್ಕು ಮಿಲಿಮೀಟರ್ ಬೈರಿಗೆ ಆಡುವ ಉಕ್ಕಿನ ಬುಷ್ ಬೇಕು ಎಂದೆ. ಅವರು ತುಂಡನ್ನು ತಿರುಗಿಸಿ ನೋಡಿ, ಕೇಳದೆಯೇ ಎಲ್ಲ ಅರ್ಥಮಾಡಿಕೊಂಡು, “ಎಕ್ಸ್‌ಟ್ರಾಕ್ಟರ್ ಹಾಕಲು ಹೋಗಬೇಡಿ ಸಾರ್” ಎಂದಷ್ಟೇ ಹೇಳಿದರು. ಮುರಿದ ಸ್ಟಡ್ಡಿನೊಳಗೆ ಕಚ್ಚಿಸಿ ಹಿಂದಕ್ಕೆ ತಿರುಗಿಸುವ ಆ ಉಪಕರಣ ಗಡಸು ಉಕ್ಕಿನದು. ಅದು ಒಳಗೆ ಮುರಿದರೆ ಯಾವ ಸಾಮಾನ್ಯ ಬೈರಿಗೆಯೂ ಅದನ್ನು ಕೊರೆಯಲಾರದು. ನನ್ನ ಪೆಟ್ಟಿಗೆಯಲ್ಲಿ ಹೊಚ್ಚ ಹೊಸದೊಂದು ಕಾಯುತ್ತಿತ್ತು. ಅಲ್ಲೇ ಉಳಿಯಿತು.

ಭಾನುವಾರ ಮಧ್ಯಾಹ್ನ ಆ ತುಂಡನ್ನು ಎರಡು ಸ್ಟಡ್‌ಗಳಿಗೆ ಬಿಗಿದು, ಬುಷ್ ಕೂರಿಸಿ, ಲಂಬಕೋನದ ಡ್ರಿಲ್ಲಿಗೆ ಗಿಡ್ಡ ಬೈರಿಗೆ ಸಿಕ್ಕಿಸಿದೆ. ಎಡಕ್ಕೆ ತಿರುಗಿ ಕೊರೆಯುವ ಬೈರಿಗೆ ಅದು. ಕೊರೆಯುವ ದಿಕ್ಕೇ ಸ್ಟಡ್ ಸಡಿಲವಾಗುವ ದಿಕ್ಕು. ನಿಧಾನ ವೇಗ, ಧಾರಾಳ ಎಣ್ಣೆ, ಎಷ್ಟು ಆಳಕ್ಕೆ ನಿಲ್ಲಬೇಕೆಂದು ಬೈರಿಗೆಯ ಮೇಲೆ ಟೇಪಿನ ಗುರುತು. ಕೆಲವು ಎಂಜಿನ್‌ಗಳಲ್ಲಿ ಸ್ಟಡ್ಡಿನ ತೂತು ಹಿಂದಿನ ನೀರಿನ ಕೋಣೆಗೇ ತೆರೆದಿರುತ್ತದೆ. ನನ್ನದರಲ್ಲಿ ಹಾಗಿಲ್ಲ ಎಂದು ಕೈಪಿಡಿ ನೋಡಿ ಖಚಿತಪಡಿಸಿಕೊಂಡಿದ್ದೆ, ಆದರೂ ಟೇಪ್ ಹಾಕಿದೆ. ಹತ್ತು ಸೆಕೆಂಡ್ ಕೊರೆಯುವುದು, ನಿಲ್ಲಿಸುವುದು, ಪುಡಿ ಊದುವುದು, ಮಗಳು ಬೆರಳಿಟ್ಟು “ನಡುವಿನಲ್ಲೇ ಇದೆ” ಎನ್ನುವುದು. ನಾಲ್ಕು ಮಿಲಿಮೀಟರಿನ ತೂತು ಮುಗಿಯಲು ಒಂದು ಗಂಟೆಗೂ ಹೆಚ್ಚು ಹಿಡಿಯಿತು. ಬುಷ್ ತೆಗೆದು ಐದು ಮಿಲಿಮೀಟರಿನದನ್ನು ಹಾಕಿದೆ. ದಾರಿ ಆಗಲೇ ಇದ್ದುದರಿಂದ ಅದಕ್ಕೆ ಮಾರ್ಗದರ್ಶಿ ಬೇಕಿರಲಿಲ್ಲ. ಅರ್ಧ ಆಳಕ್ಕೆ ಹೋಗಿದ್ದಾಗ ಬೈರಿಗೆ ಸಟ್ಟನೆ ಕಚ್ಚಿಕೊಂಡಿತು. ಮುರಿಯಿತು ಎಂದು ಎದೆ ಧಸಕ್ಕೆಂದಿತು. ಆದರೆ ಡ್ರಿಲ್ ತಿರುಗುತ್ತಲೇ ಇತ್ತು. ಸ್ಟಡ್ ಬೈರಿಗೆಗೆ ಅಂಟಿಕೊಂಡು, ಅಷ್ಟು ವರ್ಷ ಅಲ್ಲಿ ವಾಸವೇ ಇರಲಿಲ್ಲವೆಂಬಂತೆ ಸರಾಗವಾಗಿ ಹೊರಬಂತು.

ಅದನ್ನು ಅಂಗೈಯಲ್ಲಿಟ್ಟುಕೊಂಡು ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನೆ ನೋಡಿದೆವು. ಹುಣಸೆಬೀಜದಷ್ಟು ಲೋಹ.

ಮುಂದಿನದನ್ನು ಬೇಗ ಹೇಳುತ್ತೇನೆ, ಏಕೆಂದರೆ ಅದು ಬೇಗ ಆಯಿತು. ಉಳಿದ ಹಳೆಯ ಸ್ಟಡ್‌ಗಳನ್ನೂ ಎರಡು ನಟ್‌ಗಳ ಉಪಾಯದಿಂದ ತೆಗೆದೆ. ಹೆಡ್ಡಿನ ನಾಲ್ಕು ಬಾಯಿಗಳಿಗೆ ನಾಲ್ಕು ಬಟ್ಟೆ ತುರುಕಿ, ಅಂಟಿದ್ದ ಗ್ಯಾಸ್ಕೆಟ್ಟನ್ನು ಪ್ಲಾಸ್ಟಿಕ್ ಕೆರೆಕದಿಂದ ಕೆರೆದೆ. ಇಲ್ಲಿ ಉಜ್ಜುವ ಡಿಸ್ಕ್ ಹಾಕುವ ಆಸೆ ಯಾರಿಗೂ ಬರುತ್ತದೆ. ಅದರ ಪುಡಿ ಎಂಜಿನ್ನಿನೊಳಗೆ ಸೇರಿದರೆ ಬೇರಿಂಗ್‌ಗಳನ್ನು ತಿಂದು ಹಾಕುತ್ತದೆ. ಬಟ್ಟೆ ತೆಗೆದಾಗ ನಾಲ್ಕಿವೆಯೇ ಎಂದು ಮಗಳು ಎರಡು ಸಲ ಎಣಿಸಿದಳು. ಉಕ್ಕಿನ ಅಳತೆಪಟ್ಟಿಯನ್ನು ಹೆಡ್ಡಿನ ಮೇಲೂ ಹೊಸ ಮ್ಯಾನಿಫೋಲ್ಡಿನ ಮೇಲೂ ಅಡ್ಡ ಇಟ್ಟು, ಕೆಳಗೆ ಸಂದು ಅಳೆಯುವ ತೆಳು ತಗಡಾದ ಫೀಲರ್ ಗೇಜ್ ತೂರಿಸಲು ನೋಡಿದೆ. ಹೊಸದೆಂದ ಮಾತ್ರಕ್ಕೆ ನೆಟ್ಟಗಿರುತ್ತದೆ ಎಂದೇನಿಲ್ಲ. ಇದು ನೆಟ್ಟಗಿತ್ತು. ಎಂಟು ಮಿಲಿಮೀಟರಿನ ಥ್ರೆಡ್‌ಗಳಲ್ಲಿ, ಥ್ರೆಡ್ ಕೊರೆಯುವ ಉಪಕರಣವಾದ ಟ್ಯಾಪನ್ನು ಕೈಯಿಂದಲೇ ಆಡಿಸಿ ಶುದ್ಧಮಾಡಿ, ಹೊಸ ಸ್ಟಡ್‌ಗಳನ್ನು ಬೆರಳಿನಿಂದ ಕೂರಿಸಿದೆ.

ಪದರ ಪದರವಾದ ಉಕ್ಕಿನ ಗ್ಯಾಸ್ಕೆಟ್ ಒಣಗಿಯೇ ಕೂರಬೇಕು, ಅದಕ್ಕೆ ಯಾವ ಅಂಟೂ ಬೇಡ. ಸಿಲಿಕೋನ್ ಅಂಟಂತೂ ಆಕ್ಸಿಜನ್ ಸೆನ್ಸರ್‌ಗೆ ವಿಷ. ತಾಮ್ರದ ಲೇಪವಿರುವ ನಟ್‌ಗಳನ್ನು ನಡುವಿನಿಂದ ಹೊರಕ್ಕೆ, ಮೂರು ಸುತ್ತಿನಲ್ಲಿ ಬಿಗಿದೆ. ನನ್ನ ಎಂಜಿನ್ನಿಗೆ ಕೈಪಿಡಿ ಹೇಳಿದ್ದು 25 ನ್ಯೂಟನ್ ಮೀಟರ್. ನಿಮ್ಮದಕ್ಕೆ ನಿಮ್ಮ ಕೈಪಿಡಿಯನ್ನೇ ನೋಡಬೇಕು. ಬಿಗಿ ಅಳೆಯುವ ಟಾರ್ಕ್ ರೆಂಚ್ ನೇರ ಹೋಗದ ಕಡೆ ಅದರ ಮೂತಿಗೆ ಬಾಯಿ ತೆರೆದ ಸ್ಪ್ಯಾನರ್ ತುಂಡನ್ನು ಲಂಬಕೋನದಲ್ಲಿ ಸಿಕ್ಕಿಸಿದೆ. ಹಾಗೆ ಅಡ್ಡಲಾಗಿ ಇಟ್ಟರೆ ಅಳತೆ ಬದಲಾಗುವುದಿಲ್ಲ, ನೇರವಾಗಿ ಚಾಚಿದರೆ ಬದಲಾಗುತ್ತದೆ. ಒಂಬತ್ತನೆಯದಕ್ಕೆ ಅದೂ ಹೋಗಲಿಲ್ಲ. ಎಟುಕುವ ನಟ್ ಒಂದನ್ನು ಸರಿಯಾದ ಅಳತೆಗೆ ಬಿಗಿದು, ಅದೇ ಗಿಡ್ಡ ಸ್ಪ್ಯಾನರಿನಿಂದ ಅದನ್ನು ಮತ್ತೆ ಮತ್ತೆ ಒತ್ತಿ ನೋಡಿ, ಆ ಬಿಗಿಯನ್ನು ಕೈಗೆ ಬಾಯಿಪಾಠ ಮಾಡಿಸಿಕೊಂಡು ಮೂಲೆಗೆ ಹೋದೆ. ಈ ಸಲ ಕನ್ನಡಿ ಬೇಡವೆಂದೆ.

ಹಳೆಯದು ಹೊರಬಂದ ದಾರಿಯಲ್ಲಿ ಹೊಸದು ಒಳಗೆ ಕೂತು ಒಂಬತ್ತೂ ನಟ್ ಬಿಗಿಯಾಗಲು ಹಿಡಿದದ್ದು ನಲವತ್ತು ನಿಮಿಷ. ಎರಡು ದಿನಗಳಲ್ಲಿ ನಲವತ್ತು ನಿಮಿಷ ಮಾತ್ರ ನಾನು ಮ್ಯಾನಿಫೋಲ್ಡ್ ಬದಲಿಸುತ್ತಿದ್ದೆ. ಉಳಿದ ಹೊತ್ತೆಲ್ಲ ಅದರ ಹತ್ತಿರ ಹೋಗುತ್ತಿದ್ದೆ.

ಎಂಜಿನ್ನನ್ನು ಹಿಂದಕ್ಕೆ ಬಿಟ್ಟು, ಮೌಂಟ್ ಬಿಗಿದು, ಕೊಳವೆ, ಸೆನ್ಸರ್, ಹೊಸ ತಗಡು, ವೈಪರ್ ಎಲ್ಲವನ್ನೂ ಜೋಡಿಸಿದೆ. ಕಾರನ್ನು ಬಯಲಿಗೆ ತಳ್ಳಿ ಚಾಲೂ ಮಾಡಿದಾಗ ಹೊತ್ತು ಮುಳುಗಿತ್ತು. ಎರಡೇ ನಿಮಿಷಕ್ಕೆ ಬಾನೆಟ್ಟಿನಿಂದ ದಟ್ಟ ಹೊಗೆ. “ಅಪ್ಪಾ, ಹೊಗೆ!” ಎಂದು ಮಗಳು ಕಿರುಚಿದಳು. ಮೂರು ಸಂಜೆ ಬಿಟ್ಟ ಎಣ್ಣೆ, ಹೊಸ ಲೋಹಕ್ಕೆ ಬಳಿದಿದ್ದ ಎಣ್ಣೆ, ನಮ್ಮ ಬೆರಳುಗಳ ಗ್ರೀಸು, ಎಲ್ಲ ಉರಿಯಲೇಬೇಕಿತ್ತು. ಮುಂದೆ ಹೀಗಾಗುತ್ತದೆ ಎಂದು ನನಗೆ ಗೊತ್ತಿತ್ತು, ಅವಳಿಗೆ ಹೇಳಿರಲಿಲ್ಲ. ಹತ್ತು ಹದಿನೈದು ನಿಮಿಷದಲ್ಲಿ ಹೊಗೆ ತಾನೇ ತೆಳುವಾಯಿತು. ಎಂಜಿನ್ ಸದ್ದು ಮೆತ್ತೆ ಹೊದಿಸಿದಂತೆ ಮೃದುವಾಗಿತ್ತು. ಸೈಲೆನ್ಸರಿನ ಬಾಯಿಗೆ ದಪ್ಪ ಕೈಗವಸಿನ ಕೈಯನ್ನು ಕ್ಷಣಕಾಲ ಅಡ್ಡಹಿಡಿದು ಒಳಗಿನ ಒತ್ತಡ ಏರಿಸಿ, ಮಗಳಿಗೆ ಕಿವಿಗೊಡಲು ಹೇಳಿದೆ. ಎಲ್ಲೂ ಸೋರುವ ಸದ್ದಿಲ್ಲ ಎಂದಳು.

ಮರುದಿನ ಬೆಳಿಗ್ಗೆ ತಣ್ಣನೆಯ ಎಂಜಿನ್ ಚಾಲೂ ಮಾಡಿದೆ. ಟಿಕ್, ಟಿಕ್, ಟಿಕ್.

ಆ ಗಳಿಗೆಯ ನನ್ನ ಮುಖವನ್ನು ಯಾರೂ ನೋಡಲಿಲ್ಲವೆಂಬುದೇ ಸಮಾಧಾನ. ರಬ್ಬರ್ ಕೊಳವೆ ತಂದು ಕಿವಿಗಿಟ್ಟು ಹಿಂಬದಿಯಲ್ಲೆಲ್ಲ ಆಡಿಸಿದೆ. ಅಲ್ಲಿ ನಿಶ್ಶಬ್ದ. ಮುಂದಕ್ಕೆ ತಂದೆ, ಮೇಲಕ್ಕೆ ತಂದೆ. ಪೆಟ್ರೋಲ್ ಚಿಮುಕಿಸುವ ಇಂಜೆಕ್ಟರ್‌ಗಳ ಸಾಲಿನ ಬಳಿ ಸದ್ದು ಸ್ಪಷ್ಟವಾಯಿತು. ಮೊದಲನೆಯದು, ಎರಡನೆಯದು, ಮೂರನೆಯದು, ನಾಲ್ಕನೆಯದು, ಎಲ್ಲವೂ ಒಂದೇ ಸಮ, ಹಗುರಾಗಿ, ಹೊಲಿಗೆಯಂತ್ರದ ಹಾಗೆ. ಇಂಜೆಕ್ಟರ್‌ಗಳು ಹಾಗೆಯೇ ಸದ್ದು ಮಾಡುತ್ತವೆ, ಕಾರು ಹೊಸದಾಗಿದ್ದ ದಿನದಿಂದಲೂ ಮಾಡುತ್ತಿದ್ದವು. ದೊಡ್ಡ ಬಡಿತದ ಅಡಿಯಲ್ಲಿ ಇಷ್ಟು ದಿನ ಅವು ಕೇಳಿಸಿರಲಿಲ್ಲ. ಸ್ಕ್ಯಾನರ್ ಸಿಕ್ಕಿಸಿ ಹಳೆಯ ಸಂಕೇತ ಅಳಿಸಿದೆ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಎಟುಕುವ ನಟ್‌ಗಳನ್ನು ಮತ್ತೊಮ್ಮೆ ಬಿಗಿದು ನೋಡಿ, ಬಾನೆಟ್ ಮುಚ್ಚಿದೆ.